ಕೂಸು ಕೈ ಎತ್ತುತ್ತಿಲ್ಲ: ಯಾವ ಊರಿಗೆ ಹೋಗಬೇಕು, ಯಾವ ಸರ್ಜನ್‌ಗೆ ತೋರಿಸಬೇಕು?

ಮೊನ್ನೆ ಮುಧೋಳದಿಂದ ಒಬ್ಬ ಅಜ್ಜಿ ಫೋನ್ ಮಾಡಿದ್ದರು. ಫಿಸಿಯೋಥೆರಪಿಗೆ ಹೋದಲ್ಲಿ ಯಾರೋ ನನ್ನ ನಂಬರ್ ಕೊಟ್ಟಿದ್ದರಂತೆ. “ಯವ್ವಾ, ಮೊಮ್ಮಗಗ ಎರಡೂವರಿ ತಿಂಗಳಾತು. ಬಲಗೈ ಎತ್ತವಲ್ದು. ಒಬ್ರು ಬೆಳಗಾವಿ ಅಂತಾರ, ಒಬ್ರು ಬೆಂಗಳೂರು ಅಂತಾರ. ಅಳಿಯಾ ಕೊಯಮತ್ತೂರಿಗೆ ಹೋಗೂಣು ಅಂತಾನ. ಬೀಗರು ಎಣ್ಣಿ ಹಚ್ಚಿ ತಿಕ್ರಿ, ತಾನ ಸರಿ ಹೊಕ್ಕೈತಿ ಅಂತಾರ. ನೀ ಏನ್ ಅಂತಿ?”

ತಿಂಗಳಿಗೊಂದಾದರೂ ಇಂಥ ಫೋನ್ ಬರುತ್ತದೆ. ಊರು ಬೇರೆ, ಪ್ರಶ್ನೆ ಅದೇ. ಅದಕ್ಕೇ ಫೋನಿನಲ್ಲಿ ಹೇಳುವುದನ್ನೆಲ್ಲ ಒಂದು ಕಡೆ ಬರೆದಿಡುತ್ತಿದ್ದೇನೆ.

ನಾನು ಡಾಕ್ಟರ್ ಅಲ್ಲ. ಇಳಕಲ್ಲಿನ ಒಬ್ಬ ತಾಯಿ. ನನ್ನ ಮಗಳಿಗೆ ಹುಟ್ಟುವಾಗಲೇ ಎಡಗೈ ನರಕ್ಕೆ ಪೆಟ್ಟಾಗಿತ್ತು. ಐದನೇ ತಿಂಗಳಲ್ಲಿ ಆಪರೇಷನ್ ಆಯಿತು, ನಾಲ್ಕನೇ ವರ್ಷದಲ್ಲಿ ಭುಜಕ್ಕೆ ಇನ್ನೊಂದು. ಈಗ ಎರಡನೇ ಕ್ಲಾಸು. ಎಡಗೈ ಪೂರ್ತಿ ಸರಿಯಾಗಿಲ್ಲ. ಜಡೆ ಹಾಕಿಕೊಳ್ಳಲು ಬರುವುದಿಲ್ಲ. ಆದರೆ ಎರಡೂ ಕೈಯಲ್ಲಿ ತಟ್ಟೆ ಹಿಡಿದು ಊಟಕ್ಕೆ ಬರುತ್ತಾಳೆ. “ನೀವು ಎಲ್ಲಿ ಮಾಡಿಸಿದಿರಿ?” ಅಂತ ಎಲ್ಲರೂ ಮೊದಲು ಕೇಳುತ್ತಾರೆ. ಹೇಳುವುದಿಲ್ಲ. ಹೇಳಿದರೆ ಮುಂದಿನದನ್ನು ಯಾರೂ ಓದುವುದಿಲ್ಲ, ಸೀದಾ ಅಲ್ಲಿಗೇ ಹೋಗುತ್ತೀರಿ. ನಮ್ಮ ಕೂಸಿನ ಪೆಟ್ಟು ಬೇರೆ, ನಿಮ್ಮದು ಬೇರೆ ಅಲ್ವಾ?

ಪೆಟ್ಟು ಎಂಥದು

ಕುತ್ತಿಗೆಯಲ್ಲಿ ಬೆನ್ನುಹುರಿಯಿಂದ ಐದು ನರದ ಬೇರುಗಳು ಹೊರಡುತ್ತವೆ. ಡಾಕ್ಟರು ಅವನ್ನು ಸಿ5, ಸಿ6, ಸಿ7, ಸಿ8, ಟಿ1 ಅನ್ನುತ್ತಾರೆ. ಇವು ಕಾಲರ್ ಬೋನ್ ಹಿಂದೆ ಒಂದಕ್ಕೊಂದು ಹೆಣೆದುಕೊಂಡು ಕೈಗೆ ಇಳಿಯುತ್ತವೆ. ಆ ಹೆಣಿಗೆಗೆ ಬ್ರೇಕಿಯಲ್ ಪ್ಲೆಕ್ಸಸ್ ಅಂತ ಹೆಸರು. ಹೆರಿಗೆಯಲ್ಲಿ ತಲೆ ಹೊರಗೆ ಬಂದು ಭುಜ ಸಿಕ್ಕಿಕೊಂಡಾಗ ಕುತ್ತಿಗೆ ಜಗ್ಗಿ ಈ ಹೆಣಿಗೆಗೆ ಪೆಟ್ಟಾಗುತ್ತದೆ. ಕೂಸು ದಪ್ಪ ಇದ್ದರೆ, ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ, ಕೂಸನ್ನು ಹೊರಗೆಳೆಯಲು ವ್ಯಾಕ್ಯೂಮ್ ಅಥವಾ ಫೋರ್ಸೆಪ್ಸ್ ಹಾಕಿದ್ದರೆ ಸಂಭವ ಜಾಸ್ತಿ. ಸಾವಿರ ಹೆರಿಗೆಗೆ ಒಂದೆರಡು ಕೂಸುಗಳಿಗೆ ಹೀಗಾಗುತ್ತದೆ. ಮೇಲಿನ ಎರಡು ಬೇರಿಗೆ ಪೆಟ್ಟಾದರೆ ಎರ್ಬ್ಸ್ ಪಾಲ್ಸಿ. ಭುಜ ಏಳುವುದಿಲ್ಲ, ಮೊಣಕೈ ಮಡಚುವುದಿಲ್ಲ, ಬೆರಳು ಮಾತ್ರ ಆಡುತ್ತವೆ. ಐದಕ್ಕೂ ಪೆಟ್ಟಾದರೆ ಇಡೀ ಕೈ ಜೋಲು.

ನಮ್ಮನೆಯಲ್ಲಿ ಮಗ್ಗ ಇದೆ. ಡಾಕ್ಟರು ಹೇಳಿದ್ದು ಮಾವನವರಿಗೆ ತಿಳಿದಿದ್ದು ಮಗ್ಗದ ಲೆಕ್ಕದಲ್ಲೇ. ಎಳೆ ಬರೀ ಜಗ್ಗಿದ್ದರೆ ಬಿಟ್ಟರೆ ತಾನೇ ಸರಿಯಾಗುತ್ತದೆ. ನಡುವೆ ಕಡಿದಿದ್ದರೆ ಬೇರೆ ಎಳೆ ತಂದು ಕೂಡಿಸಬೇಕು. ಕಡಿದ ಕಡೆ ಗಂಟು ಕಟ್ಟಿಕೊಂಡಿದ್ದರೆ ಮೊದಲು ಗಂಟು ತೆಗೆಯಬೇಕು. ಬುಡದಿಂದಲೇ, ಅಂದರೆ ಬೆನ್ನುಹುರಿಯಿಂದಲೇ ಕಿತ್ತು ಬಂದಿದ್ದರೆ ಕೂಡಿಸಲು ತುದಿಯೇ ಇರುವುದಿಲ್ಲ. ಆಗ ಪಕ್ಕದ ನರದಿಂದ ಒಂದು ಎಳೆ ಕಡ ತರಬೇಕು. ತೊಂದರೆ ಏನೆಂದರೆ ಮೊದಲ ದಿನ ಹೊರಗಿನಿಂದ ನೋಡಿದರೆ ಈ ನಾಲ್ಕೂ ಒಂದೇ ಥರ ಕಾಣುತ್ತವೆ. ಯಾವುದು ಅಂತ ಹೇಳುವುದು ಮುಂದಿನ ಎರಡು ಮೂರು ತಿಂಗಳು.

“ನೂರಕ್ಕೆ ತೊಂಬತ್ತು ತಾನೇ ಸರಿಯಾಗುತ್ತವೆ” ಅನ್ನುವ ಮಾತನ್ನು ನಿಮಗೂ ಹೇಳಿರುತ್ತಾರೆ. ಅದು ಹಳೆಯ ಲೆಕ್ಕ. ಆಮೇಲಿನ ಅಧ್ಯಯನಗಳನ್ನು ಕೂಡಿಸಿ ನೋಡಿದವರು 20ರಿಂದ 30 ಪರ್ಸೆಂಟ್ ಮಕ್ಕಳಲ್ಲಿ ಏನಾದರೊಂದು ಕೊರತೆ ಉಳಿಯುತ್ತದೆ ಅನ್ನುತ್ತಾರೆ. ಹೆಚ್ಚಿನ ಕೂಸುಗಳಿಗೆ ಆಪರೇಷನ್ ಬೇಕಾಗುವುದಿಲ್ಲ, ನಿಜ. ಬೇಕಾದ ಕೂಸಿಗೆ ಮಾತ್ರ ತಡ ಮಾಡುವ ಹಾಗಿಲ್ಲ.

ಊರಿಗಿಂತ ಮೊದಲು ನೋಡಬೇಕಾದದ್ದು

ನಾಲ್ಕು ವಿಷಯ ನೋಡಿ. ಕೂಸಿಗೆ ಎಷ್ಟು ತಿಂಗಳು. ಸರ್ಜನ್ ಈ ಕೆಲಸವನ್ನು ಮಕ್ಕಳಲ್ಲಿ ಎಷ್ಟು ಸಲ ಮಾಡಿದ್ದಾರೆ. ಆಪರೇಷನ್ ಆದ ಮೇಲೆ ಎರಡು ಮೂರು ವರ್ಷ ನೀವು ಅಲ್ಲಿಗೆ ಹೋಗಿ ಬರಲು ಆಗುತ್ತದೆಯೇ. ಆಮೇಲೆ ದುಡ್ಡು. ಹೆಚ್ಚಿನವರು ದುಡ್ಡಿನಿಂದ ಶುರು ಮಾಡಿ ಮೊದಲನೆಯದಕ್ಕೆ ಬರುವಷ್ಟರಲ್ಲಿ ಕೂಸಿಗೆ ವರ್ಷ ತುಂಬಿರುತ್ತದೆ.

*ತಿಂಗಳಿನ ಲೆಕ್ಕ.* ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಎರಡು ತಿಂಗಳೊಳಗೆ ಕೂಸು ತಾನಾಗಿ ಮೊಣಕೈ ಮಡಚಿ ಕೈಯನ್ನು ಮೇಲಕ್ಕೆ ತಂದರೆ ಪೂರ್ತಿ ಚೇತರಿಸಿಕೊಳ್ಳುವ ಸಂಭವ ತುಂಬ ಜಾಸ್ತಿ. ಮೂರು ತಿಂಗಳಾದರೂ ಮೊಣಕೈ ಮಡಚದಿದ್ದರೆ ಆಪರೇಷನ್ ಯೋಚಿಸಬೇಕು. ಫ್ರಾನ್ಸಿನ ಅಲೆನ್ ಗಿಲ್ಬರ್ಟ್ ಎಂಬ ಸರ್ಜನ್ ಹಾಕಿಕೊಟ್ಟ ಈ ಲೆಕ್ಕವನ್ನು ಇವತ್ತಿಗೂ ಅನೇಕರು ಹಿಡಿಯುತ್ತಾರೆ. ಕೆನಡಾದ ಟೊರಾಂಟೊದವರದು ಇನ್ನೊಂದು ದಾರಿ. ಅವರು ಮೂರನೇ ತಿಂಗಳಲ್ಲಿ ಮೊಣಕೈ, ಮಣಿಕಟ್ಟು, ಬೆರಳು, ಹೆಬ್ಬೆರಳು ಎಲ್ಲಕ್ಕೂ ಮಾರ್ಕು ಹಾಕುತ್ತಾರೆ. ಅನುಮಾನ ಇರುವ ಕೂಸುಗಳನ್ನು ಒಂಬತ್ತನೇ ತಿಂಗಳ ತನಕ ನೋಡಿ, ಕೈಗೆ ಬಿಸ್ಕತ್ತು ಕೊಡುತ್ತಾರೆ. ಮೇಲ್ತೋಳನ್ನು ಮೈಗೆ ಒತ್ತಿ ಹಿಡಿದಾಗ ಕೂಸು ಕುತ್ತಿಗೆ ಜಾಸ್ತಿ ಬಗ್ಗಿಸದೆ ಬಿಸ್ಕತ್ತನ್ನು ಬಾಯಿಗೆ ತರಬೇಕು. ತರದಿದ್ದರೆ ಆಪರೇಷನ್. ಹಾಗಾಗಿ ಒಬ್ಬ ಸರ್ಜನ್ “ಈಗಲೇ ಮಾಡೋಣ”, ಇನ್ನೊಬ್ಬರು “ಆರು ತಿಂಗಳಾಗಲಿ” ಅಂದರೆ ಇಬ್ಬರಲ್ಲೊಬ್ಬರು ಸುಳ್ಳು ಹೇಳುತ್ತಿದ್ದಾರೆ ಅಂದುಕೊಳ್ಳಬೇಡಿ. ಆದರೆ ಇಡೀ ಕೈ ಜೋಲು ಬಿದ್ದಿದ್ದು, ಅದೇ ಕಡೆಯ ಕಣ್ಣಿನ ರೆಪ್ಪೆ ಇಳಿದು ಪಾಪೆ ಸಣ್ಣಗಾಗಿದ್ದರೆ, ಆಗ ಯಾವ ವಾದವೂ ಇಲ್ಲ. ಅದು ಕೆಳಗಿನ ಬೇರು ಬುಡದಿಂದ ಕಿತ್ತಿರುವ ಗುರುತು. ಮೂರು ತಿಂಗಳಿಗೆಲ್ಲ ಆಪರೇಷನ್ ಟೇಬಲ್ ಹತ್ತಿರ ಇರಬೇಕು.

ಇಷ್ಟು ಅವಸರ ಯಾಕೆ? ಕೂಡಿಸಿದ ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಕುತ್ತಿಗೆಯಿಂದ ತೋಳಿನ ಸ್ನಾಯು ಮುಟ್ಟಲು ತಿಂಗಳುಗಳೇ ಬೇಕು. ಅತ್ತ ನರ ಇಲ್ಲದ ಸ್ನಾಯು ಸೊರಗುತ್ತಾ ಹೋಗುತ್ತದೆ. ವರ್ಷ, ಒಂದೂವರೆ ವರ್ಷ ಕಳೆದ ಮೇಲೆ ನರ ಬಂದು ಕದ ತಟ್ಟಿದರೂ ಒಳಗೆ ಯಾರೂ ಇರುವುದಿಲ್ಲ.

ನಮ್ಮ ಕಡೆ ಇಲ್ಲೇ ಒಂದು ತೊಡಕಿದೆ. ಮೊದಲ ಹೆರಿಗೆ ತವರಲ್ಲಿ. ಬಾಣಂತಿ ಮೂರು ತಿಂಗಳು, ಕೆಲವರ ಮನೆಯಲ್ಲಿ ಐದು ತಿಂಗಳು ಹೊಸ್ತಿಲು ದಾಟುವ ಹಾಗಿಲ್ಲ. ಕಿವಿಗೆ ಅರಿವೆ, ಕೂಸಿಗೆ ಕುಂಚಿಗೆ, ಗಾಳಿ ತಾಗಬಾರದು. ಸರ್ಜನ್ ನೋಡಲೇಬೇಕಾದ ತಿಂಗಳುಗಳೂ ಅವೇ! ನಮ್ಮಲ್ಲೂ ಇದಕ್ಕೇ ಜಗಳವಾಯಿತು. ಕೊನೆಗೆ ನನ್ನ ಅವ್ವನೇ ಗಟ್ಟಿ ಮನಸ್ಸು ಮಾಡಿದಳು. ಕಾರಿನ ಕಿಟಕಿ ಹಾಕಿಕೊಂಡು ಹೊರಟೆವು. ತಾಯಿ ಹೋಗಲೇಬೇಕು, ಎದೆಹಾಲಿನ ಕೂಸು. ಆದರೆ ಮೊದಲನೇ ಸಲ ಬರೀ ವಿಡಿಯೋ ಮತ್ತು ಕಾಗದ ಹಿಡಿದು ಅಪ್ಪ ಒಬ್ಬನೇ ಹೋಗಿ ಮಾತಾಡಿ ಬರಬಹುದು. ಅಪಾಯಿಂಟ್‌ಮೆಂಟ್ ಆದರೂ ಸಿಗುತ್ತದೆ.

*ಪಳಗಿದ ಕೈ.* ಬೋರ್ಡಿನಲ್ಲಿ ಪ್ಲಾಸ್ಟಿಕ್ ಸರ್ಜನ್ ಅಂತಿದೆಯೋ, ಎಲುಬಿನ ಡಾಕ್ಟರ್ ಅಂತಿದೆಯೋ, ನ್ಯೂರೋ ಸರ್ಜನ್ ಅಂತಿದೆಯೋ, ಹ್ಯಾಂಡ್ ಸರ್ಜನ್ ಅಂತಿದೆಯೋ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ದೇಶದಲ್ಲಿ ಈ ನಾಲ್ವರೂ ಇದನ್ನು ಮಾಡುತ್ತಾರೆ. ದೊಡ್ಡವರ ಬೈಕ್ ಅಪಘಾತದ ಕೇಸುಗಳಲ್ಲಿ ಇದೇ ನರದ ಆಪರೇಷನ್ ಮಾಡುವವರು ಅನೇಕರಿದ್ದಾರೆ. ಐದು ತಿಂಗಳ ಕೂಸಿನಲ್ಲಿ ಮಾಡುವವರು ಕಡಿಮೆ. ಆದ್ದರಿಂದ ನೇರವಾಗಿ ಕೇಳಿ: “ಹುಟ್ಟುವಾಗ ಪೆಟ್ಟಾದ ಕೂಸುಗಳಿಗೆ ವರ್ಷಕ್ಕೆ ಎಷ್ಟು ನರದ ಆಪರೇಷನ್ ಮಾಡುತ್ತೀರಿ ಸರ್?” ಒಳ್ಳೆಯ ಸರ್ಜನ್ ಬೇಜಾರು ಮಾಡಿಕೊಳ್ಳುವುದಿಲ್ಲ. ಬೇಜಾರು ಮಾಡಿಕೊಂಡರೆ ಅದೂ ಒಂದು ಉತ್ತರವೇ.

ಆಪರೇಷನ್ ಸಣ್ಣದಲ್ಲ. ಕಾಲರ್ ಬೋನ್ ಮೇಲೆ ಕೊಯ್ದು, ಮೈಕ್ರೋಸ್ಕೋಪ್ ಕೆಳಗೆ ಗಂಟು ತೆಗೆದು, ಮೀನಖಂಡದಿಂದ ಒಂದು ನರ ತಂದು ಕೂಡಿಸುತ್ತಾರೆ. ಕಾಲಿನ ಆ ನರ ತೆಗೆದರೆ ಪಾದದ ಹೊರಬದಿಯಲ್ಲಿ ಸ್ವಲ್ಪ ಸ್ಪರ್ಶ ಹೋಗುತ್ತದೆ, ನಡೆಯಲು ತೊಂದರೆಯಿಲ್ಲ. ಗಂಟೆಗಟ್ಟಲೆ ಅರಿವಳಿಕೆ ಕೊಡಬೇಕು. ಹಾಗಾಗಿ ಕೂಸುಗಳಿಗೇ ಅರಿವಳಿಕೆ ಕೊಟ್ಟು ರೂಢಿ ಇರುವ ಡಾಕ್ಟರು, ಮಕ್ಕಳ ಐಸಿಯು ಎರಡೂ ಅದೇ ಕಟ್ಟಡದಲ್ಲಿ ಇರಬೇಕು. ಸರ್ಜನ್ ಎಷ್ಟೇ ದೊಡ್ಡವರಿರಲಿ, ಇವೆರಡು ಇಲ್ಲದ ನರ್ಸಿಂಗ್ ಹೋಮಿನಲ್ಲಿ ಒಪ್ಪಬೇಡಿ. ಇದು ನನ್ನ ಹಟ.

*ಹೋಗಿ ಬರುವುದು.* ಆಪರೇಷನ್ ಆದ ಮೇಲೆ ಮೂರು ವಾರದಷ್ಟು ಕೈ ಮತ್ತು ಕುತ್ತಿಗೆ ಅಲುಗದಂತೆ ಕಟ್ಟಿರುತ್ತಾರೆ. ಆಮೇಲೆ ನಾಲ್ಕೈದು ತಿಂಗಳು ಏನೂ ಕಾಣುವುದಿಲ್ಲ. ಆ ತಿಂಗಳುಗಳಲ್ಲೇ ಮನೆಯವರು “ದುಡ್ಡು ದಂಡ” ಅನ್ನಲು ಶುರು ಮಾಡುವುದು. ಪೂರ್ತಿ ಫಲ ಗೊತ್ತಾಗಲು ಎರಡು ಮೂರು ವರ್ಷ. ಅಷ್ಟು ದಿನ ಅದೇ ಸರ್ಜನ್ ನೋಡುತ್ತಿರಬೇಕು. ದಿನದಿನದ ಫಿಸಿಯೋಥೆರಪಿ ಮಾತ್ರ ನಿಮ್ಮ ಊರಲ್ಲೇ ಆಗಬೇಕು. ದೂರದ ಸರ್ಜನ್ ಮತ್ತು ಹತ್ತಿರದ ಫಿಸಿಯೋ, ಇಬ್ಬರನ್ನೂ ಆರಿಸಬೇಕು. ಸರ್ಜನ್ ಬಗ್ಗೆ ಹತ್ತು ಜನರನ್ನು ಕೇಳುವವರು ಫಿಸಿಯೋ ಬಗ್ಗೆ ಒಬ್ಬರನ್ನೂ ಕೇಳುವುದಿಲ್ಲ!

ಎಲ್ಲರೂ ಶುರು ಮಾಡಬೇಕಾದದ್ದು: ನಮ್ಮ ಮೂರು ಜಿಲ್ಲೆ

ಬೆಳಗಾವಿಯಲ್ಲಿ ಕೆಎಲ್‌ಇಯ ಡಾ. ಪ್ರಭಾಕರ ಕೋರೆ ಆಸ್ಪತ್ರೆ, ಸರ್ಕಾರಿ ಬಿಮ್ಸ್. ಬಾಗಲಕೋಟೆಯಲ್ಲಿ ಕುಮಾರೇಶ್ವರ ಆಸ್ಪತ್ರೆ. ವಿಜಯಪುರದಲ್ಲಿ ಬಿಎಲ್‌ಡಿಇಯ ಬಿ.ಎಂ. ಪಾಟೀಲ ಮೆಡಿಕಲ್ ಕಾಲೇಜು ಆಸ್ಪತ್ರೆ, ಅಲ್-ಅಮೀನ್, ಜಿಲ್ಲಾಸ್ಪತ್ರೆ. ಮಕ್ಕಳ ಡಾಕ್ಟರು, ಎಲುಬಿನ ಡಾಕ್ಟರು, ಫಿಸಿಯೋ, ಎಕ್ಸ್‌ರೇ ಎಲ್ಲ ಮೆಡಿಕಲ್ ಕಾಲೇಜಿನ ಒಂದೇ ಆವರಣದಲ್ಲಿ ಸಿಗುವುದು ದೊಡ್ಡ ಅನುಕೂಲ. ಮೊದಲ ವಾರದಲ್ಲೇ ತೋರಿಸಿ. ಕಾಲರ್ ಬೋನ್ ಮುರಿದಿದೆಯೇ, ಉಸಿರಾಟದ ಪರದೆಯ ನರಕ್ಕೂ ಪೆಟ್ಟಾಗಿದೆಯೇ ಅಂತ ನೋಡುತ್ತಾರೆ. ಸರ್ಕಾರದ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಇಂಥ ಮಕ್ಕಳಿಗೇ ಆರಂಭಿಕ ಚಿಕಿತ್ಸಾ ಕೇಂದ್ರ ಇರುತ್ತದೆ, ಅದನ್ನು ಡಿಇಐಸಿ ಅನ್ನುತ್ತಾರೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಖರ್ಚಿಲ್ಲ.

ಇಲ್ಲಿನ ಲಾಭ: ಮನೆ ಹತ್ತಿರ, ನಮ್ಮದೇ ಮಾತು, ವಾರಕ್ಕೆ ಎರಡು ಸಲ ಹೋಗಿ ಬರಬಹುದು. ಎರಡನೇ ತಿಂಗಳಲ್ಲಿ ಮೊಣಕೈ ಮಡಚಿದ ಕೂಸಿಗೆ ಇಷ್ಟೇ ಸಾಕಾಗಬಹುದು. ನಷ್ಟ: “ಇನ್ನೊಂದು ತಿಂಗಳು ನೋಡೋಣ” ಅನ್ನುವ ಮಾತು. ನನಗೆ ಹೆರಿಗೆಯಾದ ಆಸ್ಪತ್ರೆಯಲ್ಲಿ ಡಿಸ್ಚಾರ್ಜ್ ಕಾರ್ಡಿನಲ್ಲಿ ಕೈಯ ವಿಷಯವನ್ನೇ ಬರೆದಿರಲಿಲ್ಲ. “ಏನಾಗಲ್ಲಮ್ಮ, ಮಸಾಜ್ ಮಾಡಿ” ಅಂದರು. ನಲವತ್ತು ದಿನ ಸುಮ್ನೆ ಹೋಯಿತು. ಆಮೇಲೆ ಒಬ್ಬ ಮಕ್ಕಳ ಡಾಕ್ಟರು ಕೂಸನ್ನು ಬಿಚ್ಚಿಸಿ ನೋಡಿ, ಚೀಟಿ ಬರೆದು ಕಳಿಸಿದರು. ಹಾಗಾಗಿ ನನ್ನ ಲೆಕ್ಕ ಹೀಗೆ: ಒಂದು ತಿಂಗಳಿಗೂ ಕೈಯಲ್ಲಿ ಬದಲಾವಣೆ ಇಲ್ಲದಿದ್ದರೆ ಇಲ್ಲಿ ಚಿಕಿತ್ಸೆ ಮುಂದುವರಿಸುತ್ತಲೇ ನರದ ಸರ್ಜನ್ ಒಬ್ಬರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಕೈ ಸರಿಯಾದರೆ ರದ್ದು ಮಾಡಿದರಾಯಿತು.

ಎಣ್ಣೆ ಹಚ್ಚಿ ಎರೆಯುವ ಆಯಿಗೆ ಒಂದು ಮಾತು ಹೇಳಿಡಿ. ಎಣ್ಣೆ ಹಚ್ಚುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಆದರೆ ಆ ಕೈ ಹಿಡಿದು ಜಗ್ಗುವುದು, ಕಂಕುಳಲ್ಲಿ ಕೈ ಹಾಕಿ ಎತ್ತುವುದು, ಕೈ ಮೇಲೆತ್ತಿ ಜಾಡಿಸುವುದು ಬೇಡ. ಎಲುಬು ಕಟ್ಟುವವರ ಹತ್ತಿರ ಹೋಗಿ ಗಟ್ಟಿ ಪಟ್ಟಿ ಹಾಕಿಸುವುದಂತೂ ಬೇಡವೇ ಬೇಡ. ಎಲುಬು ಮುರಿದಿದ್ದರೆ ಅದು ಎರಡು ಮೂರು ವಾರದಲ್ಲಿ ತಾನೇ ಕೂಡುತ್ತದೆ. ನರ ಪಟ್ಟಿಯಿಂದ ಕೂಡುವುದಿಲ್ಲ. ಮೇಲಾಗಿ ಕಟ್ಟಿದ ಭುಜ ಗಟ್ಟಿಯಾಗಿ ಕೂರುತ್ತದೆ.

ಹುಬ್ಬಳ್ಳಿ–ಧಾರವಾಡವೂ ನಮಗೆ ಹತ್ತಿರವೇ. ಕಿಮ್ಸ್ (ಈಗ ಅದಕ್ಕೆ ಕೆಎಂಸಿಆರ್‌ಐ ಅಂತ ಹೆಸರು) ಇದೆ, ಸತ್ತೂರಿನ ಎಸ್‌ಡಿಎಂ ಇದೆ. ಬೆಳಗಾವಿಯಲ್ಲಾಗಲಿ ಅಲ್ಲಾಗಲಿ ನರದ ಆಪರೇಷನ್ ಮಾಡುತ್ತೇವೆ ಅನ್ನುವ ಸರ್ಜನ್ ಸಿಕ್ಕರೆ ಮೇಲೆ ಹೇಳಿದ ಪ್ರಶ್ನೆಯನ್ನೇ ಕೇಳಿ. ಉತ್ತರ ಚೆನ್ನಾಗಿದ್ದರೆ ಐನೂರು ಕಿಲೋಮೀಟರ್ ದೂರ ಹೋಗುವ ಹರಕೆ ಏನೂ ಇಲ್ಲ.

ಬೆಂಗಳೂರು

ಹೆಚ್ಚಿನವರು ಆರಿಸುವುದು ಇದನ್ನೇ. ಬೆಳಗಾವಿಯಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್, ವಿಜಯಪುರ–ಬಾಗಲಕೋಟೆಯಿಂದ ಗೋಲ್ ಗುಂಬಜ್ ಎಕ್ಸ್‌ಪ್ರೆಸ್. ರಾತ್ರಿ ಹತ್ತಿದರೆ ಬೆಳಿಗ್ಗೆ ಅಲ್ಲಿರುತ್ತೀರಿ. ಸರ್ಕಾರದ ಕಡೆ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಅದರ ಹತ್ತಿರವೇ ನಿಮ್ಹಾನ್ಸ್, ಜಯನಗರದಲ್ಲಿ ಸಂಜಯ್ ಗಾಂಧಿ ಆಸ್ಪತ್ರೆ. ಖಾಸಗಿಯವು ಲೆಕ್ಕವಿಲ್ಲ.

ಲಾಭ ಅಂದರೆ ಕನ್ನಡ, ರಾಜ್ಯದ ಆರೋಗ್ಯ ಕಾರ್ಡು ನಡೆಯುವ ಆಸ್ಪತ್ರೆಗಳು, ಯಾರಾದರೂ ನೆಂಟರ ಮನೆ. ನಷ್ಟ ಅಂದರೆ ಸರ್ಕಾರಿ ಕಡೆ ಸರದಿ ಉದ್ದ. ಕೂಸಿಗೆ ನಾಲ್ಕು ತಿಂಗಳಾಗಿದ್ದು, ಅವರು ಮೂರು ತಿಂಗಳ ಮೇಲಿನ ತಾರೀಕು ಕೊಟ್ಟರೆ ಏನು ಮಾಡುವುದು? ಸರ್ಜನ್‌ಗೆ ಕೂಸಿನ ವಯಸ್ಸು ನೆನಪಿಸಿ, ಈ ತಾರೀಕು ತಡವಾಗುತ್ತದೆಯೇ ಅಂತ ಕೇಳಿ. ತಡ ಅಂದರೆ ಬೇರೆ ಕಡೆ ನೋಡಿ. ಖಾಸಗಿಯಲ್ಲಿ ಇನ್ನೊಂದು ತೊಂದರೆ. ಊರು ದೊಡ್ಡದು, ಇಂಥ ಕೇಸುಗಳು ಹಲವು ಆಸ್ಪತ್ರೆಗೆ ಹಂಚಿ ಹೋಗುತ್ತವೆ. ದೊಡ್ಡ ಆಸ್ಪತ್ರೆಯ ಹೆಸರು ನೋಡಿ ಹೋಗಬೇಡಿ, ಡಾಕ್ಟರ ಅನುಭವ ನೋಡಿ.

ಕೊಯಮತ್ತೂರು, ವೆಲ್ಲೂರು, ಮಣಿಪಾಲ

ಅಜ್ಜಿಯ ಅಳಿಯ ಹೇಳಿದ ಕೊಯಮತ್ತೂರು ಗಾಳಿಮಾತಲ್ಲ. ಅಲ್ಲಿನ ಗಂಗಾ ಆಸ್ಪತ್ರೆ ಕೈ, ಮೈಕ್ರೋಸರ್ಜರಿ ಮತ್ತು ಈ ನರದ ಕೆಲಸಕ್ಕೆ ದೇಶದಲ್ಲೇ ಹೆಸರಾದದ್ದು. ಸರ್ಜನ್ ಕೈ ಪಳಗಿರಬೇಕು ಅನ್ನುವ ಅಳತೆಯಲ್ಲಿ ಮಾತ್ರ ನೋಡಿದರೆ ನಾನು ಇದನ್ನು ಮೇಲಿಡುತ್ತೇನೆ. ಐದೂ ಬೇರಿಗೆ ಪೆಟ್ಟಾದ ಕಠಿಣ ಕೇಸಾದರೆ ದೂರದ ಲೆಕ್ಕ ಹಾಕದೆ ಹೋಗಬಹುದು. ಆದರೆ ಖಾಸಗಿ ಆಸ್ಪತ್ರೆ, ತಮಿಳು ನಾಡು, ಬೆಂಗಳೂರಿನಲ್ಲಿ ರೈಲು ಬದಲಿಸಬೇಕು. ವರ್ಷಕ್ಕೆ ಎರಡು ಮೂರು ಸಲ ಮರಳಿ ಹೋಗಲು ಆಗುತ್ತದೆಯೇ ಅಂತ ಮೊದಲೇ ಯೋಚಿಸಿ. ಊರಿಂದ ವಿಡಿಯೋ ಕಳಿಸಿದರೆ ನಡೆಯುತ್ತದೆಯೇ ಅಂತ ಕೇಳಿಕೊಳ್ಳಿ.

ವೆಲ್ಲೂರಿನ ಸಿಎಂಸಿಯಲ್ಲಿ ಕೈ ಶಸ್ತ್ರಚಿಕಿತ್ಸೆಗೇ ಒಂದು ಕೇಂದ್ರವಿದೆ, ಪಾಲ್ ಬ್ರ್ಯಾಂಡ್ ಅವರ ಹೆಸರಲ್ಲಿ. 1946ರಲ್ಲಿ ಅಲ್ಲಿಗೆ ಬಂದ ಬ್ರ್ಯಾಂಡ್, ಕುಷ್ಠರೋಗದಿಂದ ಮುದುಡಿದ ಕೈಗಳಿಗೆ ಬೇರೆ ಸ್ನಾಯುರಜ್ಜು (ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ) ಕೂಡಿಸಿ ಮತ್ತೆ ಕೆಲಸ ಮಾಡುವಂತೆ ಮಾಡಿದವರು. ನಮ್ಮ ಮಕ್ಕಳ ಭುಜಕ್ಕೆ ಆಮೇಲೆ ಮಾಡುವ ಆಪರೇಷನ್ನೂ ಇದೇ ಜಾತಿಯದು. ಖರ್ಚಿನಲ್ಲಿ ದೊಡ್ಡ ಖಾಸಗಿ ಆಸ್ಪತ್ರೆಗಿಂತ ಹಗುರ ಅಂತ ಜನ ಹೋಗುತ್ತಾರೆ. ಜನಸಂದಣಿಯೂ ಹಾಗೇ ಇದೆ. ಬೆಂಗಳೂರು–ಚೆನ್ನೈ ದಾರಿಯ ಕಾಟ್ಪಾಡಿಯಲ್ಲಿ ಇಳಿಯಬೇಕು. ಒಂದು ಸಲಕ್ಕೆ ಮುಗಿಯುವುದಿಲ್ಲ, ಲಾಡ್ಜ್ ಹಿಡಿದು ಕೆಲವು ದಿನ ಇರುವ ತಯಾರಿಯಲ್ಲೇ ಹೋಗಿ.

ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲೂ ಕೈ ಸರ್ಜರಿ ವಿಭಾಗವಿದೆ. ಕನ್ನಡ ನಡೆಯುತ್ತದೆ, ರಾಜ್ಯದೊಳಗೇ ಇದೆ, ಬೆಂಗಳೂರಿನಷ್ಟು ಗದ್ದಲವಿಲ್ಲ. ನಮ್ಮ ಕಡೆಯವರಿಗೆ ಯಾಕೋ ಇದು ನೆನಪಾಗುವುದೇ ಇಲ್ಲ. ವಿಜಯಪುರದವರಿಗೆ ದೂರ, ಘಾಟಿ ಇಳಿಯುವ ಬಸ್ಸಿನಲ್ಲಿ ಕೂಸಿಗೆ ವಾಂತಿ. ಬೆಳಗಾವಿಯವರು ಯೋಚಿಸಬಹುದು.

ಮುಂಬೈ

ನಿಪ್ಪಾಣಿ, ಚಿಕ್ಕೋಡಿ, ಖಾನಾಪುರ ಕಡೆಯವರಿಗೆ, ಇಂಡಿ, ಚಡಚಣದ ಕಡೆಯವರಿಗೂ ಮರಾಠಿ ಬರುತ್ತದೆ. ಅಂಥವರಿಗೆ ಕೊಯಮತ್ತೂರಿಗಿಂತ ಮುಂಬೈ ಸುಲಭ. ಪರೇಲಿನಲ್ಲಿ ಮಕ್ಕಳಿಗೇ ಅಂತ ಇರುವ ವಾಡಿಯಾ ಆಸ್ಪತ್ರೆ ಇದೆ, ಬೆಳಗಾವಿಯಿಂದ ದಾದರ್‌ಗೆ ರೈಲಿದೆ. ಈ ನರದ ಕೆಲಸದಲ್ಲೇ ಜೀವನ ಕಳೆದ ಸರ್ಜನ್‌ಗಳು ಆ ಊರಲ್ಲಿದ್ದಾರೆ. ಇರುವ ಖರ್ಚು ಮಾತ್ರ ಚಿಕಿತ್ಸೆಯ ಖರ್ಚಿಗೇ ಸವಾಲು ಹಾಕುತ್ತದೆ.

ದುಡ್ಡು ಮತ್ತು ಕಾರ್ಡು

ಇಂತಿಷ್ಟೇ ಆಗುತ್ತದೆ ಅಂತ ನಾನು ಅಂಕಿ ಬರೆದರೆ ತಪ್ಪಾದೀತು. ಆಸ್ಪತ್ರೆಯಿಂದ ಆಸ್ಪತ್ರೆಗೆ ಅಷ್ಟು ವ್ಯತ್ಯಾಸ. ಬರಹದಲ್ಲಿ ಅಂದಾಜು ಕೇಳಿ. ಅದರಲ್ಲಿ ಐಸಿಯು ದಿನಗಳು, ಅರಿವಳಿಕೆ ಕೊಟ್ಟು ಮಾಡುವ ಎಂಆರ್‌ಐ, ಪಟ್ಟಿ ಬಿಚ್ಚುವ ಭೇಟಿ ಎಲ್ಲ ಸೇರಿದೆಯೇ ನೋಡಿ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಪರ್ಸೆಂಟ್, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಇಲ್ಲಿ ಜನ ಎಡವುವುದು ಒಂದೇ ಕಡೆ: ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಚೀಟಿ ತರದೆ ಸೀದಾ ಖಾಸಗಿಗೆ ಹೋಗುವುದು. ಇದು ಮುಂಚಿತವಾಗಿ ಗೊತ್ತು ಮಾಡುವ ಆಪರೇಷನ್, ತುರ್ತಿನದಲ್ಲ. ಹಾಗಾಗಿ ಚೀಟಿ ಕೇಳುತ್ತಾರೆ. ಸಹಕಾರಿ ಸಂಘದ ಸದಸ್ಯರಾದರೆ ಯಶಸ್ವಿನಿ ಇದೆಯೇ ನೋಡಿ. ಸರ್ಕಾರಿ ನೌಕರಿಯಾದರೆ ಕರ್ನಾಟಕ ಆರೋಗ್ಯ ಸಂಜೀವಿನಿ (ಮೊದಲು ಜ್ಯೋತಿ ಸಂಜೀವಿನಿ ಇತ್ತು), ಫ್ಯಾಕ್ಟರಿ ಕೆಲಸವಾದರೆ ಇಎಸ್‌ಐ. ಹೊರರಾಜ್ಯಕ್ಕೆ ಹೋಗುವ ಮುಂಚೆ ಆ ಆಸ್ಪತ್ರೆಯ ಆಯುಷ್ಮಾನ್ ಕೌಂಟರಿಗೇ ಫೋನ್ ಮಾಡಿ, ನಿಮ್ಮ ಕಾರ್ಡ್ ನಂಬರ್ ಓದಿ ಹೇಳಿ ಕೇಳಿ. ಆಯುಷ್ಮಾನ್ ಸಹಾಯವಾಣಿ 14555ಕ್ಕೂ ಫೋನ್ ಮಾಡಿ ಕೇಳಬಹುದು. ಅಲ್ಲಿ ಮುಟ್ಟಿದ ಮೇಲೆ ಕೇಳಿದವರು ಬಂಗಾರ ಅಡ ಇಟ್ಟಿದ್ದನ್ನು ನೋಡಿದ್ದೇನೆ.

ವರ್ಷ ದಾಟಿದ ಮಕ್ಕಳು

“ನಮ್ಮ ಹುಡುಗಗ ಮೂರು ವರ್ಷ, ಇನ್ನೇನ ಮಾಡಾಕ ಬರೂದಿಲ್ಲೇನು?” ಅಂತ ಕೇಳುವವರೂ ಇದ್ದಾರೆ. ನರ ಕೂಡಿಸುವ ಕಾಲ ಹೋಗಿರಬಹುದು, ಭುಜದ ಕಾಲ ಹೋಗಿಲ್ಲ. ಈ ಮಕ್ಕಳಲ್ಲಿ ತೋಳು ಒಳಕ್ಕೆ ತಿರುಗಿ ಗಟ್ಟಿಯಾಗುತ್ತದೆ. ಬಾಯಿಗೆ ಕೈ ಒಯ್ಯುವಾಗ ಮೊಣಕೈ ಕೊಂಬಿನ ಹಾಗೆ ಮೇಲೇಳುತ್ತದೆ. ಹಾಗೇ ಬಿಟ್ಟರೆ ಭುಜದ ಗುಂಡೇ ಜಾಗ ಬಿಟ್ಟು ಹಿಂದಕ್ಕೆ ಸರಿಯಬಹುದು. ಇದು ಮೊದಲ ವರ್ಷದಲ್ಲೇ ಶುರುವಾಗಬಹುದು. ಆದ್ದರಿಂದ ಆರು ತಿಂಗಳೊಳಗಿನ ಕೂಸಿಗೂ ಭುಜದ ಅಲ್ಟ್ರಾಸೌಂಡ್ ಬೇಕೇ ಅಂತ ಕೇಳಿ. ಕೆಲವರಿಗೆ ಸ್ನಾಯುವಿನ ಬಿಗಿತ ಇಳಿಸುವ ಬೊಟಾಕ್ಸ್ ಚುಚ್ಚುಮದ್ದು, ಕೆಲವರಿಗೆ ಬಿಗಿದ ಸ್ನಾಯು ಸಡಿಲಿಸಿ ಬೆನ್ನಿನ ಸ್ನಾಯುವಿನ ರಜ್ಜು ತಂದು ಕೂಡಿಸುವುದು, ಇನ್ನೂ ದೊಡ್ಡವರಾದರೆ ತೋಳಿನ ಎಲುಬನ್ನೇ ಕೊಯ್ದು ತಿರುಗಿಸುವುದು. ಇದಕ್ಕೆ ನರ ಕೂಡಿಸುವಷ್ಟು ಅಪರೂಪದ ಸರ್ಜನ್ ಬೇಕಾಗಿಲ್ಲ. ಮಕ್ಕಳ ಎಲುಬಿನ ಸರ್ಜನ್‌ಗಳಲ್ಲೂ ಮಾಡುವವರಿದ್ದಾರೆ. ತಿಂಗಳಿನ ಅವಸರವೂ ಅಷ್ಟಿಲ್ಲ. ಹಾಗಾಗಿ ಇಲ್ಲಿ ನಾನು ಹತ್ತಿರದ ಊರಿಗೇ ಜಾಸ್ತಿ ತೂಕ ಕೊಡುತ್ತೇನೆ. ಶಾಲೆ ವಯಸ್ಸಿನಲ್ಲಿ ಕೊರತೆ ಉಳಿದಿದ್ದರೆ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ ಮಾಡಿಸಿಕೊಳ್ಳಿ. ಅದರಲ್ಲಿ ಕೊರತೆ 40 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಅಂತಿದ್ದರೆ ಮುಂದೆ ಸೌಲಭ್ಯಗಳಿವೆ. ಇದಕ್ಕೆ ನಾಚಿಕೆ ಪಡುವವರು ಜಾಸ್ತಿ, ನಾವೂ ಎರಡು ವರ್ಷ ತಡ ಮಾಡಿದೆವು.

ನಿಮ್ಮ ಕೂಸು ಯಾವ ಕಡೆ

ಇಪ್ಪತ್ತು ದಿನದ ಕೂಸು, ಬೆರಳು ಆಡುತ್ತಿವೆ: ಊರಲ್ಲೇ ಇರಿ. ಕಾಲರ್ ಬೋನ್ ಮುರಿದಿಲ್ಲ ಅಂತ ಖಾತ್ರಿಯಾದ ಮೇಲೆ ಫಿಸಿಯೋ ಹೇಳಿಕೊಟ್ಟಂತೆ ದಿನಕ್ಕೆ ನಾಲ್ಕೈದು ಸಲ ಕೈ ಆಡಿಸಿ. ಮೊಣಕೈಯನ್ನು ಮೈಗೆ ಹಚ್ಚಿ ಹಿಡಿದು ಮುಂಗೈಯನ್ನು ಹೊರಕ್ಕೆ ತಿರುಗಿಸುವ ಒಂದನ್ನು ಮರೆಯಬೇಡಿ. ಭುಜ ಗಟ್ಟಿಯಾಗದಂತೆ ಕಾಯುವುದು ಅದೇ. ಅರಿವೆ ಬದಲಿಸುವಾಗಲೆಲ್ಲ ಒಂದು ಸಲ ಮಾಡಿದರೆ ಲೆಕ್ಕ ತಪ್ಪುವುದಿಲ್ಲ.

ಮೂರು ತಿಂಗಳ ಕೂಸು, ಬೆರಳು ಆಡುತ್ತವೆ, ಮೊಣಕೈ ಮಡಚುವುದಿಲ್ಲ, ಕೈಲಿ ದುಡ್ಡಿಲ್ಲ: ರೆಫರಲ್ ಚೀಟಿ ಇವತ್ತೇ, ಬೆಂಗಳೂರು. ತಾರೀಕು ತಡ ಆದರೆ ಮಣಿಪಾಲ ಅಥವಾ ವೆಲ್ಲೂರು. ಸಾಲ ಮಾಡಿಯಾದರೂ ಮಾಡಿಸುತ್ತೇವೆ ಅನ್ನುವವರು ಕೊಯಮತ್ತೂರಿಗೋ ಮುಂಬೈಗೋ ಒಂದು ಸಲ ಹೋಗಿ ಎರಡನೇ ಅಭಿಪ್ರಾಯ ಕೇಳಿ ಬನ್ನಿ. ಸಾಲ ಮಾಡುವ ಮುಂಚೆ, ಮಾಡಿದ ಮೇಲಲ್ಲ.

ಇಡೀ ಕೈ ಜೋಲು, ರೆಪ್ಪೆ ಇಳಿದಿದೆ: ಎಷ್ಟೇ ದಿನದ ಕೂಸಿರಲಿ, ಇಂಥ ಕೇಸು ಅತಿ ಹೆಚ್ಚು ಮಾಡುವ ಕಡೆಗೆ ಈ ವಾರವೇ.

ಹತ್ತು ಹನ್ನೊಂದು ತಿಂಗಳು: ಆಗಲಿಲ್ಲ ಅಂತ ಕೈಚೆಲ್ಲಬೇಡಿ. ಒಂದು ನರದಿಂದ ಎಳೆ ಕಡ ತಂದು ಸ್ನಾಯುವಿನ ಹತ್ತಿರವೇ ಕೂಡಿಸುವ ಆಪರೇಷನ್‌ಗಳಿವೆ. ನರ ಬೆಳೆಯಬೇಕಾದ ದಾರಿ ಅದರಲ್ಲಿ ಚಿಕ್ಕದು. ಆದರೆ ಅದು ಪಳಗಿದ ಕೈಯ ಕೆಲಸವೇ, ಹತ್ತಿರದ ಊರು ಅಂತ ನೋಡುವ ಹಾಗಿಲ್ಲ.

ಮುಧೋಳದ ಅಜ್ಜಿಯ ಮೊಮ್ಮಗ ಎರಡನೇ ಗುಂಪಿನವನು. ಬೆರಳು ಆಡಿಸುತ್ತಾನೆ, ಬಿಪಿಎಲ್ ಕಾರ್ಡ್ ಇದೆ, ಬಾಣಂತಿಗೆ ಇನ್ನೂ ಹದಿನೈದು ದಿನ ಹೊರಗೆ ಬಿಡುವುದಿಲ್ಲ ಅಂತ ಮನೆಯಲ್ಲಿ ಹಟ. ಅಳಿಯನನ್ನು ಫೋನಿಗೆ ಕರೆಸಿಕೊಂಡೆ. ನಾಳೆಯೇ ಹೋಗಿ ರೆಫರಲ್ ಚೀಟಿ ಮಾಡಿಸಲು ಹೇಳಿದೆ. ಕೂಸನ್ನು ಬೆಚ್ಚಗಿನ ಕೋಣೆಯಲ್ಲಿ ಬಿಚ್ಚಿ ಮಲಗಿಸಿ, ಚೆನ್ನಾಗಿರುವ ಕೈಯನ್ನು ಮೆಲ್ಲಗೆ ಹಿಡಿದು, ಪೆಟ್ಟಾದ ಕೈ ಮುಂದೆ ಗಿಲಕಿ ಆಡಿಸಿ ಎರಡು ನಿಮಿಷ ವಿಡಿಯೋ ತೆಗೆಯಲು ಹೇಳಿದೆ. ಹದಿನೈದು ದಿನಕ್ಕೊಮ್ಮೆ ಅದೇ ಥರ ಇನ್ನೊಂದು. ಹೆರಿಗೆಯ ಕಾಗದ, ಹುಟ್ಟಿದಾಗಿನ ತೂಕ, ಎಕ್ಸ್‌ರೇ ಒಂದು ಫೈಲಿನಲ್ಲಿ. ಹೆರಿಗೆಯಾದ ಆಸ್ಪತ್ರೆ ಕಾಗದ ಕೊಡಲು ಹಿಂದೆಮುಂದೆ ನೋಡಿದರೆ ಬರೆದು ಕೊಟ್ಟು ಕೇಳಿ, 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ನಿಯಮದಲ್ಲೇ ಇದೆ ಅಂದೆ.

ಆತ ಎಲ್ಲ ಬರೆದುಕೊಂಡ. ಆಮೇಲೆ ಅಜ್ಜಿ ಮತ್ತೆ ಫೋನ್ ಇಸಿದುಕೊಂಡರು. “ಹೌದು ಯವ್ವಾ, ಬಾಣಂತಿನ್ನ ಕರಕೊಂಡು ಹೋಗಾಕ ಆ ಗೋಲ್ ಗುಂಬಜ್ ಗಾಡಿ ಬಾಗಲಕೋಟಿಗೆ ಎಷ್ಟಕ್ಕ ಬರತೈತಿ?”